ಲೆಫ್ಟ್ ಔಟ್ ಆಡುತ್ತಿದ್ದ ಚಿಕ್ಕಜ್ಜ

2022ರಲ್ಲಿ ಕೊಡಗಿನ ಆಯುಧಪೂಜೆಯ ಕೈಲ್‌ಪೊಳ್ದ್ ಹಬ್ಬಕ್ಕೆ ಎರಡು ದಿನ ಮೊದಲು ನಮ್ಮ ಮನೆತನದ ಮೂಲ ಮನೆಯಾದ ಐನ್‌ಮನೆಯ ಕತ್ತಲೆ ಕೋಣೆಯಿಂದ ಕೋವಿಗಳನ್ನು ಹೊರಗೆ ತರುವಾಗ ಒಂದು ತಗಡಿನ ಪೆಟ್ಟಿಗೆಯೂ ಜೊತೆಗೆ ಬಂತು. ಕೋವಿ ಒರೆಸುವ ಹಳೆಯ ಬಟ್ಟೆ ಅದರಲ್ಲಿರಬಹುದೆಂದು ದೊಡ್ಡಪ್ಪ ಮುಚ್ಚಳ ತೆಗೆದರು. ಒಳಗೆ ದಪ್ಪ ರಟ್ಟಿಗೆ ಅಂಟಿಸಿದ ಒಂದು ಫೋಟೊ ಇತ್ತು. ಅದರ ಕೆಳಗೆ, ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಆರು ಮೂಲೆಯ ಒಂದು ನಕ್ಷತ್ರ ಪದಕ. ಅದರ ಪಟ್ಟಿಯ ನಡುವೆ ಅಗಲವಾದ ಕೆಂಪು, ಎರಡೂ ಕಡೆ ಕಡುನೀಲಿ, ನೀಲಿಯ ಮಧ್ಯೆ ಸಣ್ಣ ಕಿತ್ತಳೆ ಗೆರೆ. ಅಂಗಳದಲ್ಲಿ ಮಕ್ಕಳು ಕೋವಿಗೆ ಸಿಕ್ಕಿಸಲು ತಂದ ತೋಕ್ ಪೂವಿನ ರಾಶಿ ಇತ್ತು. ಅದರ ಪಕ್ಕದಲ್ಲೇ ದೊಡ್ಡಪ್ಪ ಕುಳಿತುಬಿಟ್ಟರು. "ಇದು ಬರ್ಮಾ ಸ್ಟಾರ್. ಚಿಕ್ಕಪ್ಪನದು" ಎಂದರು.

ನಮ್ಮ ಅಜ್ಜನ ತಮ್ಮ, ಅಂದರೆ ನನಗೆ ಚಿಕ್ಕಜ್ಜ, ಎರಡನೇ ಮಹಾಯುದ್ಧದಲ್ಲಿ ಸೇನೆಯ ಸರಬರಾಜು ದಳದಲ್ಲಿ ಲಾರಿ ಚಾಲಕರಾಗಿದ್ದರು. ಬರ್ಮಾಕ್ಕೆ ಹೋದರು, ಮರಳಲಿಲ್ಲ. ನಮಗೆ ಗೊತ್ತಿದ್ದುದು ಇಷ್ಟೇ. ಕಾಣೆಯಾಗಿದ್ದಾರೆ ಎಂದು ತಂತಿ ಬಂದಿತ್ತಂತೆ. ಕಾಣೆಯಾದವನು ಸತ್ತವನಲ್ಲ ಎಂದು ಮುತ್ತಜ್ಜಿ ಹಟ ಹಿಡಿದು, ಸಾವನ್ನು ಊರಿಗೆ ಸಾರುವ ಎರಡು ಗುಂಡು ಹಾರಿಸಲು ಬಿಡಲಿಲ್ಲ. ಮುಂದೆ ಸಾವು ಖಚಿತವೆಂದು ಇನ್ನೊಂದು ಕಾಗದ ಬಂದರೂ ಅವರು ಒಪ್ಪಲಿಲ್ಲ. ಸಾವಿನ ನಂತರದ ಕರ್ಮವಾದ ಮಾದವೂ ನಡೆಯಲಿಲ್ಲ. ಹೀಗಾಗಿ ವರ್ಷಕ್ಕೊಮ್ಮೆ ಕಾರಣವರಿಗೆ, ಅಂದರೆ ಮನೆತನದ ಗತಿಸಿದ ಹಿರಿಯರಿಗೆ, ಎಡೆ ಇಡುವಾಗ ನಮ್ಮ ಮನೆಯಲ್ಲಿ ಯಾರೂ ಅವರ ಹೆಸರೆತ್ತುತ್ತಿರಲಿಲ್ಲ. ಮುತ್ತಜ್ಜಿ ತೀರಿಕೊಂಡ ಮೇಲೂ ಅದೇ ರೂಢಿ ಉಳಿಯಿತು.

ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಅವರ ಚಿತ್ರ ಬರೆದು ಐನ್‌ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುಹಾಕಬೇಕೆಂಬ ಆಸೆ ಆ ದಿನವೇ ಹುಟ್ಟಿತು. ಅದು ಈಡೇರಲು ಎರಡು ವರ್ಷ ಹಿಡಿಯಿತು. ಇಂಥದೇ ಪೆಟ್ಟಿಗೆ ಕೊಡಗಿನ ಎಷ್ಟೋ ಮನೆಗಳಲ್ಲಿ ಇರುವುದು ನನಗೆ ಗೊತ್ತು. ಅವರಿಗೆ ಉಪಯೋಗವಾಗಲಿ ಎಂದು ನಾನು ಮಾಡಿದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು ಹುಡುಕಾಟ. ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಜನರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಕಾಪಾಡಿಕೊಂಡು ಬಂದಿದೆ. ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ನಾನು ಮನೆತನದ ಹೆಸರು ಹಾಕಿದೆ, ಸಿಗಲಿಲ್ಲ. ಅವರ ಹೆಸರನ್ನು ಆರು ರೀತಿಯಲ್ಲಿ ಬರೆದು ನೋಡಿದೆ, ಆಗಲೂ ಇಲ್ಲ. ನಮ್ಮಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ಸ್ವಂತ ಹೆಸರು. ಅದನ್ನು ಇಂಗ್ಲಿಷ್ ಗುಮಾಸ್ತ ಯಾವ ಕಡೆಯಿಂದ ಕತ್ತರಿಸಿ ಬರೆದುಕೊಂಡನೋ ಊಹಿಸುವುದು ಕಷ್ಟ. ಕೊನೆಗೆ ದಾರಿ ತೋರಿಸಿದ್ದು ನಕ್ಷತ್ರದ ಬೆನ್ನು. ಆ ಯುದ್ಧದ ನಕ್ಷತ್ರ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಡುತ್ತಿದ್ದರು. ಭಾರತೀಯ ಸೈನಿಕರಿಗೆ ಕೊಟ್ಟವುಗಳ ಹಿಂದೆ ಸಂಖ್ಯೆ, ಹೆಸರು ಒತ್ತಿರುತ್ತಿದ್ದರು. ಪದಕವನ್ನು ಪಾಲಿಶ್ ಮಾಡಬೇಡಿ, ಉಜ್ಜಿದರೆ ಅಕ್ಷರ ಸವೆಯುತ್ತದೆ. ಕಿಟಕಿಯ ಬಳಿ ಓರೆ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಸಾಕು, ಒತ್ತಿದ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಆ ಸೇವಾ ಸಂಖ್ಯೆಯನ್ನು ಹಾಕಿದ ಕೂಡಲೇ ಚಿಕ್ಕಜ್ಜ ಸಿಕ್ಕಿದರು. ಮನೆತನದ ಹೆಸರಿನ ಮೂರು ಅಕ್ಷರ ತಪ್ಪಾಗಿತ್ತು. ತಂದೆಯ ಹೆಸರು, 'ಕೂರ್ಗ್' ಎಂಬ ಊರು ಸರಿಯಾಗಿದ್ದವು.

1942ರ ಮಾರ್ಚ್ 8ರಂದು ಬರ್ಮಾದ ರಾಜಧಾನಿ ರಂಗೂನ್ (ಈಗಿನ ಯಾಂಗೊನ್) ಜಪಾನೀಯರ ವಶವಾಯಿತು. ಬ್ರಿಟಿಷ್ ಸೇನೆ ಉತ್ತರಕ್ಕೆ ಹಿಂದೆಗೆಯುತ್ತಾ ಮೇ ತಿಂಗಳಲ್ಲಿ ಚಿಂದ್ವಿನ್ ನದಿಯ ದಡ ಮುಟ್ಟಿತು. ಶ್ವೇಗ್ಯಿನ್ ಎಂಬಲ್ಲಿ ದಾಟಿಸಲಾಗದ ಲಾರಿಗಳನ್ನೂ ಟ್ಯಾಂಕುಗಳನ್ನೂ ಅಲ್ಲೇ ಬಿಟ್ಟು ಜನ ಮಣಿಪುರದ ಕಡೆಗೆ ನಡೆದರು. ಚಿಕ್ಕಜ್ಜನ ಮರಣದ ದಿನಾಂಕ ಅದೇ ಮೇ ತಿಂಗಳದು. ಸಮಾಧಿ ಇಲ್ಲ. ಸಮಾಧಿ ಗೊತ್ತಿಲ್ಲದ ಸುಮಾರು 27,000 ಜನರ ಹೆಸರನ್ನು ಯಾಂಗೊನ್ ಸಮೀಪದ ಟೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದ ಕಂಬಗಳ ಮೇಲೆ ಕೆತ್ತಿದ್ದಾರೆ. ಅವರ ಹೆಸರೂ ಅಲ್ಲಿದೆ. ಯಾವ ಕಂಬದ ಯಾವ ಬದಿ ಎಂಬುದನ್ನು ದಾಖಲೆಯಲ್ಲಿ 'ಫೇಸ್' ಎಂದು ಬರೆದು ಒಂದು ಸಂಖ್ಯೆ ಕೊಡುತ್ತಾರೆ. ಫೇಸ್ ಎಂದರೆ ಮುಖ. ನಾನು ಹುಡುಕುತ್ತಿದ್ದುದೂ ಒಂದು ಮುಖವನ್ನೇ. ಆ ಸಾಲನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಹೆಚ್ಚಿನ ವಿವರಕ್ಕಾಗಿ ಒಂದು ಕಚೇರಿಗೆ ಮೂರು ಪತ್ರ ಬರೆದೆ. ಉತ್ತರ ಬರಲಿಲ್ಲ.

ಇನ್ನು ಫೋಟೊ. ಹನ್ನೊಂದು ಜನರ ಹಾಕಿ ತಂಡ, ಬಹುಶಃ 1940 ಅಥವಾ 41ರದು. ಕೈಯಲ್ಲಿ ಹಳೆಯ ಕಾಲದ, ತುದಿ ಉದ್ದಕ್ಕೆ ಬಾಗಿದ ಸ್ಟಿಕ್ಕುಗಳು. ರಟ್ಟಿನ ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರಿನ ಮೊದಲಕ್ಷರಗಳು, ಪಕ್ಕದಲ್ಲಿ ಆಡುವ ಜಾಗ. ಎಡತುದಿಯಲ್ಲಿ ನೆಲದ ಮೇಲೆ ಕಾಲು ಮಡಚಿ ಕುಳಿತವರು ಚಿಕ್ಕಜ್ಜ. ಜಾಗ: ಲೆಫ್ಟ್ ಔಟ್. ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್ ಎಂದು ಆಡುತ್ತಿದ್ದ ಕಾಲ ಅದು. ಐವರಲ್ಲಿ ಎಡಗಡೆಯ ಕೊನೆಯವರು. ಮುಖದ ಗಾತ್ರ ಐದು ಮಿಲಿಮೀಟರ್, ಒಂದು ಕಾಫಿ ಬೀಜಕ್ಕಿಂತ ಚಿಕ್ಕದು.

ಹಳೆಯ ಫೋಟೊಗಳನ್ನು ಸರಿಪಡಿಸುವ ಮೊಬೈಲ್ ತಂತ್ರಾಂಶಕ್ಕೆ ಅಣ್ಣ ಅದನ್ನು ಹಾಕಿದ. ಒಂದು ನಿಮಿಷದಲ್ಲಿ ಸುಂದರವಾದ ಮುಖ ಬಂತು. ಕಣ್ಣಿನ ರೆಪ್ಪೆಯ ಕೂದಲನ್ನೂ ಎಣಿಸಬಹುದಿತ್ತು. ಮನೆಯವರೆಲ್ಲ ಸಂತೋಷಪಟ್ಟರು. ಚಿಕ್ಕಜ್ಜನ ತಂಗಿ ಆಗ ಇನ್ನೂ ಬದುಕಿದ್ದರು, 92 ವರ್ಷ. ಅವರಿಗೆ ತೋರಿಸಿದೆವು. ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ಯಾರ ಮಗ?" ಎಂದು ಕೇಳಿದರು. ಅಣ್ಣ ಅಲ್ಲೇ ಅದನ್ನು ಅಳಿಸಿಹಾಕಿದ. ಈ ವಿಷಯದಲ್ಲಿ ನನ್ನ ಮಾತು ಕಟುವಾಗಿಯೇ ಇದೆ: ಫೋಟೊದಲ್ಲಿ ಇಲ್ಲದ ಕಣ್ಣನ್ನು ಯಂತ್ರ ಎಲ್ಲಿಂದ ತಂದೀತು? ಬೇರೆ ಸಾವಿರ ಜನರ ಕಣ್ಣನ್ನು ಕಲಸಿ ಇಡುತ್ತದೆ. ಮನೆಯ ಮಕ್ಕಳು ಆ ಅಪರಿಚಿತನನ್ನೇ ನಮ್ಮವನೆಂದು ನಂಬಿ ಬೆಳೆಯುತ್ತಾರೆ.

ಆ ಅಜ್ಜಿಯ ಬಳಿ ನಾನು ನಾಲ್ಕು ಸಲ ಹೋದೆ. ಮೊದಲ ಸಲ, ಯುದ್ಧಕ್ಕೆ ಹೇಗೆ ಹೋದರು, ಸುದ್ದಿ ಹೇಗೆ ಬಂತು ಎಂದು ಕೇಳಿದೆ. ಅವರು ಅತ್ತರು, ಮಾತು ನಿಂತಿತು. ಮುಂದಿನ ಸಲದಿಂದ ಕೇಳುವ ರೀತಿ ಬದಲಾಯಿಸಿದೆ. ಶಾಲೆಗೆ ಹೋಗುವಾಗ ಅವರು ನಿಮ್ಮ ಮುಂದೆ ನಡೆಯುತ್ತಿದ್ದರೋ ಹಿಂದೆಯೋ? ಕೈಯಲ್ಲಿ ಏನಿರುತ್ತಿತ್ತು? ಊಟಕ್ಕೆ ಎಲ್ಲಿ ಕೂರುತ್ತಿದ್ದರು? ಆಗ ಬಾಗಿಲು ತೆರೆಯಿತು. ಗದ್ದೆಯ ಏರಿಯ ಮೇಲೆ ಅಣ್ಣ ಮುಂದೆ, ಇವರು ಹಿಂದೆ. ಅಣ್ಣನ ಕೈಯಲ್ಲಿ ಕಾಫಿ ಗಿಡದ ಬಾಗಿದ ಕೊಂಬೆ, ಅದೇ ಹಾಕಿ ಸ್ಟಿಕ್. ಬಿದಿರಿನ ಬೇರುಗಡ್ಡೆಯನ್ನು ಕೆತ್ತಿ ಮಾಡಿದ ಚೆಂಡು. ಅದನ್ನು ಏರಿಯ ಉದ್ದಕ್ಕೂ ಗದ್ದೆಗೆ ಬೀಳದಂತೆ ಹೊಡೆದುಕೊಂಡು ಹೋಗುವುದು. ಬಿದ್ದರೆ ಕೆಸರಿಗಿಳಿದು ತೆಗೆದುಕೊಡುವುದು ತಂಗಿಯ ಕೆಲಸ. "ಹಿಂದಿನಿಂದ ನೋಡಿದರೆ ಎರಡು ಕಿವಿಯೂ ಕಾಣುತ್ತಿತ್ತು" ಎಂದು ಹೇಳಿ, ತಮ್ಮ ಕಿವಿಗಳನ್ನು ಬೆರಳಿನಿಂದ ಮುಂದಕ್ಕೆ ತಳ್ಳಿ ತೋರಿಸಿದರು. ಅಷ್ಟು ವರ್ಷ ಸೈನಿಕರಾಗಿ ಮಾತ್ರ ಗೊತ್ತಿದ್ದ ಮನುಷ್ಯ ನನಗೆ ಅಣ್ಣನಾಗಿ ಕಂಡದ್ದು ಆ ಕ್ಷಣದಲ್ಲಿ. ಸತ್ತ ಬಗೆಯನ್ನು ಕೇಳುವುದಕ್ಕಿಂತ ಮೊದಲು ಬದುಕಿದ ಬಗೆಯನ್ನು ಕೇಳಬೇಕೆಂದು ನಾನು ಕಲಿತದ್ದು ಅವರಿಂದ.

ಚಿತ್ರದ ಕೆಲಸ ಹೀಗೆ ನಡೆಯಿತು. ಫೋಟೊವನ್ನು ಇಂಚಿಗೆ 1200 ಚುಕ್ಕೆಯಂತೆ ಸ್ಕ್ಯಾನ್ ಮಾಡಿಸಿದೆ. ಅದಕ್ಕಿಂತ ಹೆಚ್ಚಿಸಿದರೆ ಕಾಗದದ ಮರಳಿನಂಥ ಕಣ ದೊಡ್ಡದಾಗುತ್ತದೆಯೇ ಹೊರತು ಮುಖ ಸ್ಪಷ್ಟವಾಗುವುದಿಲ್ಲ. ಅಸಲನ್ನು ಒದ್ದೆ ಬಟ್ಟೆಯಿಂದ ಮುಟ್ಟಲಿಲ್ಲ. ಮುಖವನ್ನು ದೊಡ್ಡದಾಗಿ ಮುದ್ರಿಸಿ ತಲೆಕೆಳಗಾಗಿ ಇಟ್ಟುಕೊಂಡೆ. ತಲೆಕೆಳಗಿಟ್ಟರೆ ಕಣ್ಣು, ಮೂಗು ಎಂಬ ಹೆಸರುಗಳು ಮರೆತು ಕಪ್ಪು, ಬಿಳುಪು, ನಡುವಿನ ಬೂದು ಮಾತ್ರ ಉಳಿಯುತ್ತವೆ. ಕಣ್ಣು ಕಿರಿದುಮಾಡಿ ಆ ಮಚ್ಚೆಗಳನ್ನಷ್ಟೇ ಬರೆದೆ. ಖಚಿತವಾಗಿ ಕಂಡದ್ದು ಮೂರು ಸಂಗತಿ: ಕೂದಲಿನ ಅಂಚು, ದವಡೆಯ ಕೆಳಗಿನ ನೆರಳು, ಹೊರಚಾಚಿದ ಕಿವಿ. ಅಜ್ಜಿಯ ಮಾತು ನಿಜವಾಗಿತ್ತು. ಬಿಸಿಲು ಮೇಲಿನಿಂದ ಬಿದ್ದದ್ದರಿಂದ ಕಣ್ಣಿನ ಜಾಗದಲ್ಲಿ ಬರೀ ನೆರಳು. ಎರಡು ತಿಂಗಳು ಆ ನೆರಳಿನ ಮುಂದೆ ಕುಳಿತೆ. ಎದುರಿನಿಂದ ನೋಡುವ ಭಾವಚಿತ್ರ ನನ್ನಿಂದ ಆಗದು, ಮಾಡಿದರೂ ಅದು ಸುಳ್ಳಾಗುತ್ತದೆ ಎಂದು ತೀರ್ಮಾನಿಸಿದ್ದು ಆಗಲೇ.

ಪರಿಹಾರ ಕೊಟ್ಟವಳು ಅಣ್ಣನ ಮಗಳು. ನಮ್ಮ ಒಕ್ಕದ, ಅಂದರೆ ಮನೆತನದ, ಹಾಕಿ ತಂಡದಲ್ಲಿ ಅವಳೂ ಎಡಗಡೆಯ ಫಾರ್ವರ್ಡ್. ರಟ್ಟಿನ ಹಿಂದಿನ ಪೆನ್ಸಿಲ್ ಬರಹ ತೋರಿಸಿದಾಗ ಅವಳ ಮುಖ ಅರಳಿತು. "ಅತ್ತೆ, ಅವರೂ ನನ್ನ ಜಾಗದಲ್ಲೇ ಆಡುತ್ತಿದ್ದರಾ? ಹಾಗಾದರೆ ಅವರು ಓಡುತ್ತಾ ಹೀಗೆ ತಿರುಗುತ್ತಿದ್ದರು" ಎಂದು ಅಂಗಳಕ್ಕಿಳಿದು ತೋರಿಸಿದಳು. ಹಾಕಿ ಸ್ಟಿಕ್ಕಿಗೆ ಚಪ್ಪಟೆ ಮುಖ ಒಂದೇ. ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ. ಬಲತುದಿಯಲ್ಲಿ ಓಡುವವನು ಚೆಂಡನ್ನು ಸರಾಗವಾಗಿ ಒಳಕ್ಕೆ ಹೊಡೆಯಬಹುದು. ಎಡತುದಿಯವನು ಓಟದ ನಡುವೆಯೇ ಚೆಂಡನ್ನು ಸುತ್ತಿಕೊಂಡು ಪಾದ ತಿರುಗಿಸಿ, ಎಡಭುಜವನ್ನು ಗುರಿಯ ಕಡೆ ತಂದು ಹೊಡೆಯಬೇಕು. ಆ ತಿರುವಿನಲ್ಲಿ ಮುಖ ಕೆಳಗೆ ಬಾಗಿ ಚೆಂಡನ್ನು ನೋಡುತ್ತದೆ. ಕಣ್ಣು ಕಾಣುವುದಿಲ್ಲ. ಕಿವಿ, ದವಡೆ, ಕೂದಲಿನ ಅಂಚು ಕಾಣುತ್ತವೆ. ನನಗೆ ಗೊತ್ತಿದ್ದ ಮೂರೂ ಅಲ್ಲಿದ್ದವು!

ಒಂದು ವಾರ ಅವಳು ಗದ್ದೆಯಲ್ಲಿ ಓಡಿದಳು, ನಾನು ಏರಿಯ ಮೇಲೆ ಕುಳಿತು ಗೀಚಿದೆ. ಚಿಕ್ಕಜ್ಜನ ದೇಹ ಹೀಗೆ ಅವಳಿಂದ ಬಂತು. ಸ್ಟಿಕ್ಕನ್ನು ಮಾತ್ರ ಹಳೆಯ ಫೋಟೊದಲ್ಲಿದ್ದಂತೆ ಉದ್ದ ಬಾಗಿನದನ್ನೇ ಬರೆದೆ. ಕೊನೆಯ ಹಂತದಲ್ಲಿ ಅವಳು ಬಂದು, "ಎಡಗೈ ಹಿಡಿಯ ತುದಿಗೆ ಬರಬೇಕು, ಇಷ್ಟು ಕೆಳಗೆ ಹಿಡಿದರೆ ಹೊಡೆತಕ್ಕೆ ಬಲವೇ ಇರುವುದಿಲ್ಲ" ಎಂದಳು. ಬಣ್ಣದ ಮೇಲೆ ಬಣ್ಣ ಹಚ್ಚಿ ಸರಿಪಡಿಸಿದೆ. ಹತ್ತಿರದಿಂದ ನೋಡಿದರೆ ಹಳೆಯ ಕೈಯ ಬೆರಳುಗಳು ಈಗಲೂ ಮಸುಕಾಗಿ ಕಾಣುತ್ತವೆ. ಅವನ್ನು ಹಾಗೆಯೇ ಬಿಟ್ಟಿದ್ದೇನೆ.

2024ರ ಏಪ್ರಿಲ್‌ನಲ್ಲಿ ನಾಪೋಕ್ಲುವಿನಲ್ಲಿ ಕೊಡವ ಹಾಕಿ ಉತ್ಸವ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದಾಗ 60 ಒಕ್ಕಗಳು ಆಡಿದ್ದವು. 2024ರಲ್ಲಿ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುವ ಆಟ ಇದು. ಪಂದ್ಯಕ್ಕೆ ಮೊದಲು ಅಣ್ಣನ ಮಗಳು ಎಲ್ಲರನ್ನೂ ಒಟ್ಟುಗೂಡಿಸಿ ಚಿಕ್ಕಜ್ಜನ ಹೆಸರು, ಜಾಗ, ವರ್ಷ ಹೇಳಿದಳು. ಬೇರೆ ಭಾಷಣ ಇರಲಿಲ್ಲ. ಎರಡನೇ ಸುತ್ತಿನಲ್ಲಿ ಸೋತೆವು. ಅವಳು ಎಡಗಡೆಯಿಂದ ಕೊಟ್ಟ ಒಂದು ಚೆಂಡು ಗೋಲಾಯಿತು. ಬೇಲಿಯ ಬಳಿ ನಿಂತಿದ್ದ ದೊಡ್ಡಪ್ಪ ಮಗುವಿನಂತೆ ಕುಣಿದರು.

ಮಳೆ ಬಿಟ್ಟ ಮೇಲೆ, ಕಾರಣವರಿಗೆ ವರ್ಷಕ್ಕೊಮ್ಮೆ ಎಡೆ ಇಡುವ ಕಾರಣಂಗ್ ಕೊಡ್‌ಪದ ಮಾತು ಬಂತು. ಚಿಕ್ಕಜ್ಜನನ್ನೂ ಸೇರಿಸೋಣ ಎಂದೆ. ಸಾವನ್ನೇ ಸಾರದವರನ್ನು ಕಾರಣವರ ಸಾಲಿಗೆ ಸೇರಿಸುವುದು ಹೇಗೆ ಎಂದು ಒಕ್ಕದ ಹಿರಿಯರಾದ ಪಟ್ಟೆದಾರರು ಕೇಳಿದರು. 82 ವರ್ಷದ ಮೇಲೆ ಇದೆಲ್ಲ ಬೇಕೇ ಎಂದವರೂ ಇದ್ದರು. ಆಗ ದೊಡ್ಡಪ್ಪ ಅಜ್ಜಮಾಡ ದೇವಯ್ಯನವರನ್ನು ನೆನಪಿಸಿದರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋದ ವಾಯುಪಡೆಯ ಆ ಸ್ಕ್ವಾಡ್ರನ್ ಲೀಡರ್ ಮರಳಲಿಲ್ಲ, ಕಾಣೆಯಾದವರೆಂದು ಬರೆದುಕೊಂಡರು. ತಮಗಿಂತ ಎಷ್ಟೋ ವೇಗದ ಶತ್ರು ವಿಮಾನವನ್ನು ಅವರು ಹೊಡೆದುರುಳಿಸಿದ ಸಂಗತಿ ಹೊರಬಿದ್ದು ಮಹಾವೀರ ಚಕ್ರ ಬಂದದ್ದು 1988ರಲ್ಲಿ. "ದೇಶಕ್ಕೆ 23 ವರ್ಷ ಬೇಕಾಯಿತು. ನಮಗೆ ಸ್ವಲ್ಪ ಹೆಚ್ಚು ಬೇಕಾಯಿತು, ಅಷ್ಟೇ" ಎಂದರು ದೊಡ್ಡಪ್ಪ.

ಮುಂದಿನ ಭಾನುವಾರ ಬೆಳಗ್ಗೆ ಚಿತ್ರವನ್ನು ನಡುಬಾಡೆಯ ಗೋಡೆಗೆ ಹಾಕಿ ದೀಪ ಹಚ್ಚಿದೆವು. ದೊಡ್ಡಪ್ಪ ಕೋವಿ ಹಿಡಿದು ಅಂಗಳಕ್ಕಿಳಿದು ಎರಡು ಗುಂಡು ಹಾರಿಸಿದರು. ಊರಿಗೆ ಮೊದಲೇ ತಿಳಿಸಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಐದು ನಿಮಿಷದಲ್ಲಿ ಅವರ ಮೊಬೈಲ್ ರಿಂಗಣಿಸಿತು. ಗದ್ದೆಯಾಚೆಯ ಮನೆಯವರು.

"ಯಾರು ಹೋದರು?"

"ನನ್ನ ಚಿಕ್ಕಪ್ಪ."

"ಎಲ್ಲಿ?"

"ಬರ್ಮಾದಲ್ಲಿ. 1942ರಲ್ಲಿ."

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ "ಬರುತ್ತೇವೆ" ಎಂದರು. ಮಧ್ಯಾಹ್ನಕ್ಕೆ ಮೊದಲು ಗದ್ದೆಯ ಏರಿಯ ಮೇಲೆ ಬಿಳಿ ಬಟ್ಟೆ ಉಟ್ಟವರು ಒಬ್ಬರ ಹಿಂದೊಬ್ಬರು ನಡೆದು ಬರುತ್ತಿದ್ದರು.