ಸ್ಕೋಪ್‌ನ ಗುಂಡಿ ಮುಟ್ಟುವ ಮೊದಲು ಮೌಂಟ್ ನೋಡಿ

ಏರ್‌ಗನ್‌ಗೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು ಹಾಕಿದ ಮೊದಲ ಎರಡು ವಾರ ನಾನು ಮಾಡಿದ್ದು ಒಂದೇ ಕೆಲಸ. ಒಂದು ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು) ಹೊಡೆಯುವುದು, ಗುರಿ ಹೊಂದಿಸುವ ಸ್ಕೋಪ್‌ನ ಗುಂಡಿ ತಿರುಗಿಸುವುದು. ಬ್ರಹ್ಮಾವರದ ನಮ್ಮ ಮನೆ ಹಿಂದೆ ಎತ್ತರದ ದರೆ ಇದೆ. ಅದಕ್ಕೆ ಹೊಯ್ಗೆ ಚೀಲ ಒಟ್ಟಿ, 20 ಮೀಟರ್ ದೂರದಲ್ಲಿ ಕೂತು ಹೊಡೆಯುತ್ತಿದ್ದೆ. ಬೆಳಿಗ್ಗೆ ಸರಿಯಾದದ್ದು ಸಂಜೆಗೆ ತಪ್ಪುತ್ತಿತ್ತು. ಸ್ಕೋಪೇ ಹಾಳು ಅಂದುಕೊಂಡೆ.

ನನ್ನದು 4.5 ಮಿ.ಮೀ. ಸ್ಪ್ರಿಂಗ್ ಏರ್‌ಗನ್, ನಳಿಗೆ ಮಡಚಿ ಪೆಲೆಟ್ ಹಾಕುವಂಥದ್ದು. ಟ್ರಿಗರ್ ಎಳೆದಾಗ ಒಳಗಿನ ಪಿಸ್ಟನ್ ಮುಂದಕ್ಕೆ ಹಾರುತ್ತದೆ, ಗನ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಕೊನೆ ಮುಟ್ಟಿದ ಕೂಡಲೇ ಗನ್ ಮುಂದಕ್ಕೆ ಜಗ್ಗುತ್ತದೆ. ಈ ಎರಡೂ ಕಡೆಯ ಹೊಡೆತ ತಡೆಯುವ ಏರ್‌ಗನ್ ಸ್ಕೋಪನ್ನೇ ಕೊಳ್ಳಬೇಕು. ನಾನು ಕೊಂಡದ್ದೂ ಅಂಥದ್ದೇ. ಹಾಗಾದರೆ ತಪ್ಪು ಎಲ್ಲಿ?

ಸ್ಕೋಪನ್ನು ಗನ್‌ಗೆ ಹಿಡಿದಿಡುವ ಭಾಗವೇ ಮೌಂಟ್. ಅದರ ಮುಂದಿನ ಅಂಚಿಗೆ ಸರಿಯಾಗಿ ಗನ್ ಮೇಲೆ ಪೆನ್ಸಿಲ್ ಗೆರೆ ಎಳೆದೆ. 30 ಪೆಲೆಟ್ ಆದ ಮೇಲೆ ನೋಡಿದರೆ ಗೆರೆಗೂ ಮೌಂಟ್‌ಗೂ ನಡುವೆ ಉಗುರಿನ ದಪ್ಪದಷ್ಟು ಸಂದು. ಮೌಂಟ್ ಹಿಂದಕ್ಕೆ ಜಾರುತ್ತಿತ್ತು!

ಎಲ್ಲ ಬಿಚ್ಚಿದೆ. ಗನ್ ಮೇಲೆ ಮೌಂಟ್ ಕೂರುವ 11 ಮಿ.ಮೀ. ರೈಲಿನ ಎಣ್ಣೆ ಪೂರ್ತಿ ಒರೆಸಿ ತೆಗೆದೆ. ಎರಡು ಬಿಡಿ ರಿಂಗ್‌ಗಳ ಬದಲು, ಕೆಳಗೆ ಪಿನ್ ಇರುವ ಒಂದೇ ತುಂಡಿನ ಮೌಂಟ್ ತಂದೆ. ರೈಲಿನ ಹಿಂದಿರುವ ತೂತಿನಲ್ಲಿ ಆ ಪಿನ್ ಕೂತರೆ ಮೌಂಟ್ ಜಾರುವ ಮಾತೇ ಇಲ್ಲ.

ಆಮೇಲೆ ಸ್ಕೋಪಿನಿಂದ ಕಣ್ಣಿಗಿರುವ ದೂರ. ಕಣ್ಣು ಮುಚ್ಚಿ ಗನ್ ಹೆಗಲಿಗಿಟ್ಟು, ಮತ್ತೆ ಕಣ್ಣು ಬಿಟ್ಟೆ. ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ಚಿತ್ರ ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿದೆ.

ಕ್ರಾಸ್‌ಹೇರ್ (ಸ್ಕೋಪಿನೊಳಗೆ ಕಾಣುವ ಅಡ್ಡ-ಉದ್ದ ಗೆರೆಗಳು) ನೆಟ್ಟಗೆ ನಿಲ್ಲಿಸಲು ಪಕ್ಕದ ಮನೆಯ ಮೇಸ್ತ್ರಿಯವರ ಹತ್ತಿರ ತೂಗುಗುಂಡು ಕೇಳಿದೆ. "ಎಂತ ಮಾರಾಯ್ರೆ, ಪುನಃ ಗೋಡೆ ಎಬ್ಬಿಸ್ಲಿಕ್ಕುಂಟಾ?" ಅಂದರು. ವಿಷಯ ಹೇಳಿದ ಮೇಲೆ ರಸಮಟ್ಟವನ್ನೂ ಕೊಟ್ಟರು. ರಸಮಟ್ಟ ರೈಲಿಗೆ ಅಡ್ಡ ಇಟ್ಟು ಗನ್ ನೆಟ್ಟಗೆ ಮಾಡಿದೆ. ತೂಗುಗುಂಡನ್ನು ದರೆ ಹತ್ತಿರ ನೇತುಹಾಕಿ, ಕ್ರಾಸ್‌ಹೇರ್‌ನ ನಿಂತ ಗೆರೆಯನ್ನು ಆ ದಾರಕ್ಕೆ ಕೂಡಿಸಿದೆ. ಇದು ಓರೆಯಾದರೆ ಮೇಲಕ್ಕೆ ತಿರುಗಿಸಿದ್ದು ಪಕ್ಕಕ್ಕೂ ಹೋಗುತ್ತದೆ. ಸ್ಕ್ರೂಗಳನ್ನು ಕಾಲು ಕಾಲು ಸುತ್ತು, ಮೂಲೆಯಿಂದ ಮೂಲೆಗೆ ಬಿಗಿ ಮಾಡಿ. ಒಂದೇ ಬದಿ ಎಳೆದರೆ ಸ್ಕೋಪ್ ತಿರುಗಿಬಿಡುತ್ತದೆ. ಜಾಸ್ತಿ ಬಿಗಿದರೆ ಕೊಳವೆಗೇ ಪೆಟ್ಟು.

ಈಗ ಹೊಡೆಯುವುದು. ಒಂದು ಪೆಲೆಟ್ ನೋಡಿ ಗುಂಡಿ ತಿರುಗಿಸಬೇಡಿ. ಐದು ಹೊಡೆದು ಆ ಗುಂಪಿನ ನಡು ನೋಡಿ. ನನ್ನ ಗುಂಪು 3 ಸೆ.ಮೀ. ಕೆಳಗಿತ್ತು. ನನ್ನ ಸ್ಕೋಪಿನ ಗುಂಡಿ ತಿರುಗಿಸುವಾಗ ಆಗುವ ಒಂದು ಕ್ಲಿಕ್ಕಿಗೆ 100 ಮೀಟರ್‌ನಲ್ಲಿ ಸುಮಾರು 7 ಮಿ.ಮೀ. ವ್ಯತ್ಯಾಸ, 20 ಮೀಟರ್‌ನಲ್ಲಿ ಒಂದೂವರೆ ಮಿ.ಮೀ. ಅಂದರೆ 20 ಕ್ಲಿಕ್ ಮೇಲಕ್ಕೆ. ಸ್ಪ್ರಿಂಗ್ ಗನ್ನನ್ನು ಗಟ್ಟಿ ಹಿಡಿಯಲೂಬಾರದು. ಅಂಗೈ ಮೇಲೆ ಸುಮ್ನೆ ಇಟ್ಟ ಹಾಗೆ ಇರಬೇಕು. ಮುಂದಿನ ಐದೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋದವು.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು, ಕಬ್ಬಿಣಕ್ಕೆ ತುಕ್ಕು. ಗನ್‌ಗೆ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಪೆಟ್ಟಿಗೆಯಲ್ಲಿಟ್ಟೆ. ಅಕ್ಟೋಬರ್‌ನಲ್ಲಿ ತೆಗೆದಾಗ ಮೊದಲು ನೋಡಿದ್ದು, ಹೊಸ ಮೌಂಟ್ ಕೂರಿಸಿದ ದಿನ ಗೀಚಿದ್ದ ಗೆರೆಯನ್ನು. ಮೌಂಟ್ ಅದಕ್ಕೆ ತಾಗಿಯೇ ಇತ್ತು.