ಕಥೆ ಓದಿದವರು ಜೀನ್ ಬಗ್ಗೆ ವಾದಕ್ಕಿಳಿದಾಗ

ಜೀನ್ ತಿದ್ದಿಸಿಕೊಂಡು ಹುಟ್ಟಿದ ಹುಡುಗಿಯೊಬ್ಬಳ ಬಗ್ಗೆ ಸಣ್ಣಕಥೆ ಬರೆದೆ. ಅಕ್ಕ ಮಾಮೂಲಿ ಹುಡುಗಿ. ತಂಗಿಗೆ ಕಡಿಮೆ ನಿದ್ದೆ ಸಾಕಾಗಲಿ ಅಂತ ಅಪ್ಪ ಅಮ್ಮ ಭ್ರೂಣದಲ್ಲೇ ತಿದ್ದಿಸಿರುತ್ತಾರೆ. ಕರಡನ್ನು ಪರಿಚಯದ ಕೆಲವರಿಗೆ ಓದಲು ಕೊಟ್ಟೆ. ಇಂಥ ಕಥೆ ಕೊಟ್ಟಾಗ ಒಂದು ತೊಡಕಿದೆ. ಓದಿದವರು ಕಥೆಯನ್ನು ಪಕ್ಕಕ್ಕಿಟ್ಟು ತಂತ್ರಜ್ಞಾನದ ಮೇಲೆ ತೀರ್ಪು ಕೊಡೋಕೆ ಶುರು ಮಾಡುತ್ತಾರೆ. "ಪ್ರಕೃತಿಯ ಕೆಲಸಕ್ಕೆ ನಾವು ಕೈ ಹಾಕಬಾರದು" ಅಂದರು ಒಬ್ಬರು. "ದುಡ್ಡಿದ್ದರೆ ನಾನೂ ಮಾಡಿಸ್ತೀನಿ" ಅಂದರು ಇನ್ನೊಬ್ಬರು. ಎರಡೂ ಪ್ರಾಮಾಣಿಕ ಮಾತೇ. ಆದರೆ ಯಾವ ಪುಟ ತಿದ್ದಬೇಕು ಅನ್ನೋದು ಅದರಿಂದ ಗೊತ್ತಾಗಲ್ಲ.

ಹಾಗಾಗಿ ಕೇಳುವ ರೀತಿ ಬದಲಿಸಿದೆ. "ಹೇಗಿದೆ?" ಅನ್ನೋದನ್ನು ಬಿಟ್ಟೆ. ಓದುವಾಗ ಎಲ್ಲಿ ಗಮನ ತಪ್ಪಿತೋ ಅಲ್ಲಿ ಪೆನ್ಸಿಲ್ ಗೆರೆ ಹಾಕಿ ಅಂದೆ. ಯಾರ ಮೇಲೆ ಸಿಟ್ಟು ಬಂತು ಅಂತ ಕೇಳಿದೆ. ಕಥೆಯಲ್ಲಿ ವೈದ್ಯರು ಮಾಡಿದ್ದೇನು ಅಂತ ನಿಮ್ಮ ಮಾತಲ್ಲೇ ಹೇಳಿ ಅಂದೆ. ಈ ಕೊನೆಯದು ತುಂಬ ಕೆಲಸಕ್ಕೆ ಬಂತು.

ಗೆರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಬಿದ್ದಿದ್ದವು. ಆಸ್ಪತ್ರೆಯ ದೃಶ್ಯದಲ್ಲಿ ಡಾಕ್ಟರು ಜೀನ್ ತಿದ್ದುವ ಕ್ರಿಸ್ಪರ್ ವಿಧಾನ ಅಂದರೆ ಏನು, 2012ರಲ್ಲಿ ಆ ವಿಧಾನ ಹೇಗೆ ಬಂತು, ಅದಕ್ಕೆ 2020ರಲ್ಲಿ ನೊಬೆಲ್ ಯಾರಿಗೆ ಬಂತು ಅಂತೆಲ್ಲ ವಿವರಿಸುತ್ತಾರೆ. ಒಬ್ಬರು ಅಂಚಿನಲ್ಲಿ "ಇಲ್ಲಿ ಮೊಬೈಲ್ ತೆಗೆದೆ" ಅಂತ ಬರೆದಿದ್ದರು. ಇದಕ್ಕಿಂತ ಉಪಯುಕ್ತವಾದ ವಿಮರ್ಶೆ ನನಗೆ ಸಿಕ್ಕಿಲ್ಲ. ಆ ಪುಟವನ್ನು ಪೂರ್ತಿ ತೆಗೆದೆ. ಬದಲಿಗೆ ಅಮ್ಮ ಕೇಳುವ ಒಂದೇ ಪ್ರಶ್ನೆ ಇಟ್ಟೆ: "ಇದು ಇವಳ ಮಕ್ಕಳಿಗೂ ಹೋಗುತ್ತಾ?" ಡಾಕ್ಟರ್ "ಹೋಗಬಹುದು" ಅನ್ನುತ್ತಾರೆ. ಭ್ರೂಣದಲ್ಲಿ ತಿದ್ದೋದು ಬೇರೆ, ಹುಟ್ಟಿದ ಮೇಲೆ ಚಿಕಿತ್ಸೆಯಾಗಿ ತಿದ್ದೋದು ಬೇರೆ ಅನ್ನೋದು ಅಷ್ಟರಲ್ಲೇ ಓದುಗರಿಗೆ ತಿಳಿಯಿತು. ಈ ವ್ಯತ್ಯಾಸ ಸಣ್ಣದಲ್ಲ. 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಯ ಚಿಕಿತ್ಸೆಯಲ್ಲಿ, ರೋಗಿಯ ದೇಹದಲ್ಲಿ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನೇ ಹೊರತೆಗೆದು, ತಿದ್ದಿ, ವಾಪಸ್ ಸೇರಿಸುತ್ತಾರೆ. ಅದು ಆ ರೋಗಿಗೇ ಮುಗಿಯುತ್ತದೆ, ಮಕ್ಕಳಿಗೆ ಹೋಗಲ್ಲ.

"ನಿದ್ದೆ ಯಾಕೆ? ಬುದ್ಧಿ ಜಾಸ್ತಿ ಮಾಡಿ, ಕಥೆಗೆ ತೂಕ ಬರುತ್ತೆ" ಅನ್ನೋ ಸಲಹೆಯೂ ಬಂತು. ಒಪ್ಪಲಿಲ್ಲ. ಬುದ್ಧಿಗೆ ಅಂತ ಒಂದು ಜೀನ್ ಇಲ್ಲ. ಅಳೆಯೋಕೆ ಸುಲಭವಾದ ಎತ್ತರವನ್ನೇ ನೋಡಿ: 2022ರಲ್ಲಿ ಬಂದ ಅಧ್ಯಯನವೊಂದು ಸುಮಾರು 54 ಲಕ್ಷ ಜನರ ಡಿಎನ್‌ಎ ಮಾಹಿತಿ ನೋಡಿ, ಎತ್ತರಕ್ಕೆ ಸಂಬಂಧಿಸಿದ 12,000ಕ್ಕೂ ಹೆಚ್ಚು ಜಾಗಗಳನ್ನು ಗುರುತಿಸಿತು. ಅವುಗಳಲ್ಲಿ ಹೆಚ್ಚಿನವುಗಳ ಪಾಲು ಚೂರೇ ಚೂರು. ಬುದ್ಧಿಯ ಗುಂಡಿ ಒತ್ತಿದ ಹಾಗೆ ಬರೆದರೆ ಅದು ಸುಳ್ಳು ಕಥೆ. ನಿದ್ದೆಯ ವಿಷಯದಲ್ಲಿ ಕೈಗೆ ಒಂದು ಆಧಾರ ಇದೆ. ಡೆಕ್2 ಅನ್ನೋ ಜೀನ್‌ನಲ್ಲಿ ಅಪರೂಪದ ಬದಲಾವಣೆ ಇದ್ದ ತಾಯಿ ಮಗಳ ಬಗ್ಗೆ 2009ರಲ್ಲಿ ವರದಿ ಬಂದಿತ್ತು. ಮನೆಯ ಉಳಿದವರು ಎಂಟು ಗಂಟೆ ಮಲಗಿದರೆ ಇವರಿಗೆ ಆರು ಚಿಲ್ಲರೆ ಸಾಕಾಗುತ್ತಿತ್ತು.

ನನ್ನ ಕರಡಿನಲ್ಲಿ ತಂಗಿ ಮಲಗುತ್ತಿದ್ದದ್ದು ಮೂರೇ ಗಂಟೆ. ಜೀವಶಾಸ್ತ್ರ ಓದಿದ ಗೆಳೆಯ "ಆರು ಮಾಡು ಮಾರಾಯ" ಅಂದ. ಆರು ಅಂದರೆ ಸಪ್ಪೆ, ಅದರಲ್ಲೇನು ವಿಶೇಷ ಅಂತ ವಾದ ಮಾಡಿದೆ. ಆಮೇಲೆ ಲೆಕ್ಕ ಹಾಕಿದೆ. ದಿನಕ್ಕೆ ಎರಡು ಗಂಟೆ ಉಳಿದರೆ ವರ್ಷಕ್ಕೆ 730 ಗಂಟೆ. ಅಂದರೆ ಹಗಲು ರಾತ್ರಿ ಸೇರಿ 30 ದಿನ! ಈಗ ಕಥೆಯಲ್ಲಿ ಆ ಲೆಕ್ಕವನ್ನು ಅಕ್ಕನೇ ಮಾಡುತ್ತಾಳೆ. ಪರೀಕ್ಷೆಯ ಹಿಂದಿನ ರಾತ್ರಿ, ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ. "ನಿನಗೆ ವರ್ಷಕ್ಕೆ ಹದಿಮೂರು ತಿಂಗಳು ಕಣೇ" ಅನ್ನುತ್ತಾಳೆ. ಮೂರು ಗಂಟೆಯ ಹುಡುಗಿ ಬರೀ ವಿಚಿತ್ರ ಪ್ರಾಣಿಯಾಗಿದ್ದಳು. ಆರು ಗಂಟೆಯವಳ ಮೇಲೆ ಹೊಟ್ಟೆಕಿಚ್ಚು ಪಡಬಹುದು, ಅಲ್ವಾ?

ಸಿಟ್ಟಿನ ಪ್ರಶ್ನೆಗೂ ಒಳ್ಳೆ ಉತ್ತರ ಬಂತು. ಕಥೆ ಹೇಳುತ್ತಿದ್ದವಳು ತಂಗಿ, ಆದರೆ ಓದಿದವರೆಲ್ಲ ಅಕ್ಕನ ಪರ ನಿಂತಿದ್ದರು. ಕಥೆಯನ್ನು ಅಕ್ಕನ ಬಾಯಿಗೆ ಕೊಟ್ಟೆ.

ಅದೇ ಗೆಳೆಯ ಇನ್ನೊಂದು ಮಾತು ಎತ್ತಿದ. ಭ್ರೂಣದಲ್ಲಿ ತಿದ್ದಿದರೂ ಎಲ್ಲ ಜೀವಕೋಶಗಳಲ್ಲೂ ಬದಲಾವಣೆ ಆಗಿರಬೇಕು ಅಂತಿಲ್ಲ. ಕೆಲವು ತಿದ್ದಿದವು, ಕೆಲವು ಹಳೆಯವು, ಎರಡೂ ಒಂದೇ ದೇಹದಲ್ಲಿ ಇರಬಹುದು. "ಹಾಗಾದರೆ ಇವಳಿಗೆ ನಿಜವಾಗಿ ಆಗಿದೆ ಅಂತ ಯಾರಿಗೆ ಗೊತ್ತು?" ಅಂದ. ಕಥೆಯ ಎರಡನೇ ಅರ್ಧ ಹುಟ್ಟಿದ್ದೇ ಆ ಮಾತಿನಿಂದ. ತಂಗಿ ರಾತ್ರಿ ಎದ್ದು ಕೂತಿರುವುದು ಜೀನ್‌ನಿಂದಲೋ, ಇಷ್ಟೊಂದು ಖರ್ಚು ಮಾಡಿ ಹುಟ್ಟಿಸಿದ್ದಾರೆ ಅನ್ನೋ ಭಯದಿಂದಲೋ? ನಾನು ಬಿಡಿಸಿ ಹೇಳಲಿಲ್ಲ. ಪರೀಕ್ಷೆ ಮಾಡಿಸಿ ಫಲಿತಾಂಶ ತೋರಿಸಿ ಅಂತ ಇಬ್ಬರು ಒತ್ತಾಯ ಮಾಡಿದರು. ಆ ಮನೆಯವರಿಗೆ ಪರೀಕ್ಷೆ ಬೇಕಾಗಿಲ್ಲ, ಅದೇ ಕಥೆ. ಈ ವಿಷಯದಲ್ಲೂ ಓದುಗರ ಮಾತು ಕೇಳಲಿಲ್ಲ.

ಕಾನೂನಿನ ಪ್ರಶ್ನೆ ಮಾತ್ರ ಪೂರ್ತಿ ಬಗೆಹರಿದಿಲ್ಲ. "ಇಂಥ ಡಾಕ್ಟರನ್ನು ಜೈಲಿಗೆ ಹಾಕಲ್ವಾ?" ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಭ್ರೂಣದಲ್ಲಿ ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಅಂತ 2018ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯ್ ಹೇಳಿಕೊಂಡರು. ಮರುವರ್ಷ ಡಿಸೆಂಬರ್‌ನಲ್ಲಿ ಅಲ್ಲಿನ ನ್ಯಾಯಾಲಯ ಅವರಿಗೆ ಮೂರು ವರ್ಷ ಜೈಲು ಶಿಕ್ಷೆ ಕೊಟ್ಟಿತು. ಇದನ್ನು ಕಥೆಗೆ ತುರುಕಿದರೆ ಮತ್ತೆ ಯಾರೋ ಮೊಬೈಲ್ ತೆಗೀತಾರೆ. ಸದ್ಯಕ್ಕೆ ಒಂದು ವಾಕ್ಯ ಸೇರಿಸಿದ್ದೇನೆ: "ಆ ಡಾಕ್ಟರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ." ಹಳೆಯ ಓದುಗರಿಗೆ ಕಥೆ ಬಾಯಿಪಾಠ ಆಗಿದೆ, ಅವರಿಂದ ಇನ್ನು ಪ್ರಯೋಜನವಿಲ್ಲ. ಹೊಸಬರಿಬ್ಬರಿಗೆ ಕೊಟ್ಟಿದ್ದೇನೆ. ಅವರೂ ಜೈಲಿನ ಬಗ್ಗೆ ಕೇಳಿದರೆ ಆ ಒಂದು ವಾಕ್ಯ ಸಾಲದು, ಅಪ್ಪನಿಗೊಂದು ದೃಶ್ಯ ಬರೆಯಬೇಕಾಗುತ್ತದೆ.