ವೇಗವಿದ್ದರೂ ವೈಫೈ ತಡವರಿಸುವುದೇಕೆ? ವಿಳಂಬದ ಮೂಲ ಹುಡುಕುವ ಬಗೆ

ಸ್ಪೀಡ್ ಟೆಸ್ಟ್ 100 ಎಂಬಿಪಿಎಸ್ ತೋರಿಸುತ್ತದೆ. ಆದರೂ ವಿಡಿಯೊ ಕಾಲ್‌ನಲ್ಲಿ ಮಾತು ತುಂಡು ತುಂಡಾಗುತ್ತದೆ, ಆನ್‌ಲೈನ್ ಆಟದಲ್ಲಿ ಬಟನ್ ಒತ್ತಿ ಒಂದಷ್ಟು ಹೊತ್ತಾದ ಮೇಲೆ ಪಾತ್ರ ಕದಲುತ್ತದೆ. ಇಂಥ ಕಡೆ ಹೆಚ್ಚು ಎಂಬಿಪಿಎಸ್‌ನ ದುಬಾರಿ ಪ್ಲಾನ್ ಹಾಕಿಸಿಕೊಂಡರೂ ಬಹುತೇಕ ಏನೂ ಬದಲಾಗದು. ಕಾಲ್‌ಗೆ ಬೇಕಿರುವುದು ಕೆಲವೇ ಎಂಬಿಪಿಎಸ್. ಅದು ಕೇಳುವುದು ಇಷ್ಟೇ: ಪ್ಯಾಕೆಟ್‌ಗಳು, ಅಂದರೆ ಡೇಟಾದ ಪುಟ್ಟ ತುಣುಕುಗಳು, ಬೇಗ ಬರಬೇಕು, ಒಂದೇ ಹದದಲ್ಲಿ ಬರಬೇಕು. ಒಂದು ಪ್ಯಾಕೆಟ್ ಹೊರಟು ಅದರ ಉತ್ತರ ಮರಳಿ ಬರಲು ಹಿಡಿಯುವ ಸಮಯವೇ ಲೇಟೆನ್ಸಿ. ಆಟಗಾರರ ಬಾಯಲ್ಲಿ ‘ಪಿಂಗ್’. ಲೆಕ್ಕ ಮಿಲಿಸೆಕೆಂಡುಗಳಲ್ಲಿ.

ರೂಟರ್ ಜಾಗ ಬದಲಿಸುವುದು, ಚಾನೆಲ್ ತಿರುಗಿಸುವುದು, ಹೊಸ ರೂಟರ್ ಕೊಳ್ಳುವುದು ಎಲ್ಲವೂ ಆಮೇಲೆ. ಮೊದಲು ತಿಳಿಯಬೇಕಾದದ್ದು ಸಮಯ ಎಲ್ಲಿ ಪೋಲಾಗುತ್ತಿದೆ ಎಂಬುದು: ನಿಮ್ಮ ಲ್ಯಾಪ್‌ಟಾಪ್‌ನಿಂದ ರೂಟರ್‌ವರೆಗಿನ ಗಾಳಿಯಲ್ಲೋ, ರೂಟರ್‌ನಿಂದಾಚೆಯ ತಂತಿಯಲ್ಲೋ?

ಹಂತ 1: ಎರಡು ಕಿಟಕಿ, ಎರಡು ಪಿಂಗ್

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ. ‘ಡಿಫಾಲ್ಟ್ ಗೇಟ್‌ವೇ’ ಎಂಬಲ್ಲಿ ಕಾಣುವುದೇ ರೂಟರ್ ವಿಳಾಸ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಮ್ಯಾಕ್‌ನಲ್ಲಿ ವೈಫೈ ಸೆಟ್ಟಿಂಗ್ಸ್‌ನ ಟಿಸಿಪಿ/ಐಪಿ ವಿಭಾಗದಲ್ಲಿ ‘ರೂಟರ್’ ಎಂದು ಬರೆದಿರುತ್ತದೆ.

ಈಗ ಕಮಾಂಡ್ ಪ್ರಾಂಪ್ಟ್‌ನ (ಮ್ಯಾಕ್‌ನಲ್ಲಿ ಟರ್ಮಿನಲ್‌ನ) ಎರಡು ಕಿಟಕಿ ತೆರೆಯಿರಿ. ಪಿಂಗ್ ಮಾಡಲು ping ಎಂದು ಬರೆದು, ಜಾಗ ಬಿಟ್ಟು ವಿಳಾಸ ಕೊಡಿ. ಒಂದರಲ್ಲಿ ರೂಟರ್ ವಿಳಾಸಕ್ಕೆ ಪಿಂಗ್, ಇನ್ನೊಂದರಲ್ಲಿ 1.1.1.1 ಅಥವಾ 8.8.8.8ಕ್ಕೆ ಪಿಂಗ್. 1.1.1.1 ಇಂಟರ್‌ನೆಟ್ ಸೇವೆಗಳ ಕಂಪನಿ ಕ್ಲೌಡ್‌ಫ್ಲೇರ್‌ನದು, 8.8.8.8 ಗೂಗಲ್‌ನದು. ವಿಂಡೋಸ್ ನಾಲ್ಕೇ ಪಿಂಗ್ ಕಳಿಸಿ ನಿಂತುಬಿಡುತ್ತದೆ, ನಾಲ್ಕರಿಂದ ಏನೂ ತಿಳಿಯದು. ವಿಳಾಸದ ನಂತರ ಜಾಗ ಬಿಟ್ಟು ಒಂದು ಅಡ್ಡಗೆರೆ, ಅದಕ್ಕಂಟಿದಂತೆ ಇಂಗ್ಲಿಷಿನ ಸಣ್ಣ ‘ಟಿ’ ಸೇರಿಸಿದರೆ ನೀವು ನಿಲ್ಲಿಸುವವರೆಗೂ ಓಡುತ್ತದೆ. ಮ್ಯಾಕ್, ಲಿನಕ್ಸ್‌ಗಳಲ್ಲಿ ತಾನಾಗಿಯೇ ಓಡುತ್ತದೆ. ಎರಡು ನಿಮಿಷ ಬಿಟ್ಟು ಕಂಟ್ರೋಲ್ ಮತ್ತು ಸಿ ಒತ್ತಿದರೆ ಕನಿಷ್ಠ, ಗರಿಷ್ಠ, ಸರಾಸರಿ ಮೂರೂ ಬರುತ್ತವೆ.

ಸರಾಸರಿಯನ್ನು ನಂಬಬೇಡಿ. ಸಾಲುಗಳನ್ನೇ ಓದಿ. ಆರೋಗ್ಯವಂತ ವೈಫೈನಲ್ಲಿ ರೂಟರ್‌ಗೆ ಪಿಂಗ್ 2ರಿಂದ 5 ಮಿಲಿಸೆಕೆಂಡ್ ಇದ್ದು, ಆಗೊಮ್ಮೆ ಈಗೊಮ್ಮೆ 15-20ಕ್ಕೆ ಜಿಗಿದರೆ ತೊಂದರೆಯಿಲ್ಲ. 3, 4, 85, 3, 140, 5 ಎಂದು ಕುಣಿಯುತ್ತಿದ್ದರೆ ದೋಷ ಗಾಳಿಯಲ್ಲಿದೆ. ವೈಫೈನಲ್ಲಿ ಕೆಟ್ಟುಹೋದ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಾರೆ. ಹಾಗಾಗಿ ಪ್ಯಾಕೆಟ್ ನಷ್ಟ ಹೆಚ್ಚಾಗಿ ಸೊನ್ನೆ ಎಂದೇ ಬರುತ್ತದೆ, ನಷ್ಟ ಬಹುಪಾಲು ವಿಳಂಬವಾಗಿ ಕಾಣಿಸಿಕೊಳ್ಳುತ್ತದೆ. ರೂಟರ್ ಪಿಂಗ್ ಶಾಂತವಾಗಿದ್ದು ಹೊರಗಿನದು ಮಾತ್ರ ಏರಿಳಿಯುತ್ತಿದ್ದರೆ ವೈಫೈ ನಿರಪರಾಧಿ, ನೇರ ಮೂರನೇ ಹಂತಕ್ಕೆ ಹೋಗಿ.

ಹಂತ 2: ಕೇಬಲ್ ಹಾಕಿ ನೋಡಿ

ಅನುಮಾನ ಉಳಿದರೆ ಒಂದು ಎತರ್ನೆಟ್ ಕೇಬಲ್ ತೀರ್ಪು ಕೊಡುತ್ತದೆ. ಕ್ಯಾಟ್ 5ಇ ಕೇಬಲ್ ಸಾಕು. ಅದು 100 ಮೀಟರ್‌ವರೆಗೆ 1 ಜಿಬಿಪಿಎಸ್ ಒಯ್ಯುತ್ತದೆ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಕೇಬಲ್ ಸಿಕ್ಕಿಸಿ, ಅದೇ ಎರಡು ಪಿಂಗ್ ಓಡಿಸಿ. ರೂಟರ್‌ಗೆ 1 ಮಿಲಿಸೆಕೆಂಡ್‌ಗಿಂತ ಕಡಿಮೆ ಬರಬೇಕು. ಕೇಬಲ್‌ನಲ್ಲೂ ಹೊರಗಿನ ಪಿಂಗ್ ಕೆಟ್ಟದಾಗಿದ್ದರೆ ವೈಫೈ ಸೆಟ್ಟಿಂಗ್ ಮುಟ್ಟುವುದು ವ್ಯರ್ಥ ಶ್ರಮ.

ಹಂತ 3: ಹೊರೆ ಹೇರಿ ಅಳೆಯಿರಿ

ಬಹಳ ಮಂದಿ ಬಿಟ್ಟುಬಿಡುವ ಪರೀಕ್ಷೆ ಇದು. ಮನೆಯ ವಿಳಂಬದ ದೂರುಗಳಲ್ಲಿ ದೊಡ್ಡ ಪಾಲಿಗೆ ಉತ್ತರ ಸಿಗುವುದೂ ಇಲ್ಲೇ. ಯಾರೂ ನೆಟ್ ಬಳಸದಿದ್ದಾಗ ಪಿಂಗ್ ಚೆನ್ನಾಗಿಯೇ ಇರುತ್ತದೆ. ಫೋನ್ ಫೋಟೊಗಳನ್ನು ಕ್ಲೌಡ್‌ಗೆ ಏರಿಸತೊಡಗಿದ ಕ್ಷಣ ಎಲ್ಲ ಹದಗೆಡುತ್ತದೆ.

ಸಾಧ್ಯವಾದರೆ ಕೇಬಲ್‌ನಲ್ಲೇ ಇದ್ದು, 1.1.1.1ಕ್ಕೆ ಪಿಂಗ್ ಓಡುತ್ತಿರುವಾಗಲೇ ಬ್ರೌಸರ್‌ನಲ್ಲಿ ಸ್ಪೀಡ್ ಟೆಸ್ಟ್ ಶುರುಮಾಡಿ. ಡೌನ್‌ಲೋಡ್ ಸಮಯದ ಪಿಂಗ್ ಒಂದು ಕಡೆ, ಅಪ್‌ಲೋಡ್ ಸಮಯದ್ದು ಇನ್ನೊಂದು ಕಡೆ ಬರೆದುಕೊಳ್ಳಿ. ಖಾಲಿ ಇದ್ದಾಗ 15 ಇದ್ದದ್ದು ಹೊರೆಯಲ್ಲಿ 30-40 ಆದರೆ ಸಹಿಸಬಹುದು. 300, 500, 800ಕ್ಕೆ ಏರಿದರೆ ರೋಗದ ಹೆಸರು ಬಫರ್‌ಬ್ಲೋಟ್.

ಆಗುವುದು ಹೀಗೆ. ಲೈನ್ ಹೊರಲಾರದಷ್ಟು ಡೇಟಾ ಬಂದಾಗ ರೂಟರ್ ಅಥವಾ ಮೋಡೆಮ್ ಅದನ್ನು ಎಸೆಯದೆ ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಸರತಿ ನಿಲ್ಲಿಸುತ್ತದೆ. ನಿಮ್ಮ ಅಪ್‌ಲೋಡ್ 10 ಎಂಬಿಪಿಎಸ್, ಬಫರ್ 1 ಮೆಗಾಬೈಟ್ ಎಂದುಕೊಳ್ಳಿ. 1 ಮೆಗಾಬೈಟ್ ಎಂದರೆ 8 ಮೆಗಾಬಿಟ್. ಆ ಸರತಿ ಖಾಲಿಯಾಗಲು 0.8 ಸೆಕೆಂಡ್ ಬೇಕು. ಕಾಲ್‌ನ ಪುಟ್ಟ ಧ್ವನಿ ಪ್ಯಾಕೆಟ್ ಕೂಡ ಅದೇ ಸರತಿಯ ಬಾಲದಲ್ಲಿ 800 ಮಿಲಿಸೆಕೆಂಡ್ ಕಾಯುತ್ತದೆ. ಡೌನ್‌ಲೋಡ್‌ಗಿಂತ ಅಪ್‌ಲೋಡ್ ಕಡಿಮೆ ಇರುವ ಲೈನ್‌ಗಳಲ್ಲಿ ಇದರ ಕಾಟ ಹೆಚ್ಚು.

ಮದ್ದು ಎಸ್‌ಕ್ಯೂಎಂ, ಅಂದರೆ ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ‘ಕೋಡೆಲ್’ ಕ್ರಮದ ಮೇಲೆ ‘ಎಫ್‌ಕ್ಯೂ-ಕೋಡೆಲ್’, ಆಮೇಲೆ ‘ಕೇಕ್’ ಬೆಳೆದವು. ಇವು ಪ್ರತಿ ಸಂಪರ್ಕಕ್ಕೂ ಬೇರೆ ಸರತಿ ಕೊಡುತ್ತವೆ, ಸರತಿ ಉದ್ದವಾದರೆ ಕಳಿಸುವವರಿಗೆ ನಿಧಾನಿಸಲು ಸೂಚನೆ ಹೋಗುವಂತೆ ಮಾಡುತ್ತವೆ. ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಇರುವ ರೂಟರ್‌ಗೆ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ಇಂಟರ್‌ನೆಟ್ ಕಡೆಯ ವ್ಯಾನ್ ಇಂಟರ್‌ಫೇಸ್ ಆರಿಸಿ, ಸರತಿ ಕ್ರಮಕ್ಕೆ ‘ಕೇಕ್’ ಕೊಡಿ. ಡೌನ್‌ಲೋಡ್, ಅಪ್‌ಲೋಡ್ ವೇಗಗಳನ್ನು ಅಳೆದು ಸಿಕ್ಕ ವೇಗದ ಶೇ 90ಕ್ಕೆ ನಿಗದಿಪಡಿಸಿ. ಅಲ್ಲಿ ಲೆಕ್ಕ ಕಿಲೋಬಿಟ್‌ನಲ್ಲಿ: 100 ಎಂಬಿಪಿಎಸ್ ಲೈನ್‌ಗೆ 90000, 10 ಎಂಬಿಪಿಎಸ್‌ಗೆ 9000.

ಶೇ 10ರಷ್ಟು ವೇಗ ಬಿಟ್ಟುಕೊಡುವುದೇಕೆ? ಸರತಿ ಪೂರೈಕೆದಾರರ ಪೆಟ್ಟಿಗೆಯಲ್ಲಿ ಕಟ್ಟಿಕೊಂಡರೆ ಅದರ ಮೇಲೆ ನಿಮಗೆ ಹಿಡಿತವಿಲ್ಲ. ನಿಮ್ಮ ರೂಟರ್ ಲೈನ್‌ಗಿಂತ ತುಸು ನಿಧಾನವಾಗಿದ್ದರೆ ಸರತಿ ಅದರೊಳಗೇ ಕಟ್ಟುತ್ತದೆ, ಅದನ್ನು ಕೇಕ್ ನಿಭಾಯಿಸುತ್ತದೆ. ಇಲ್ಲಿ ಎರಡು ಎಡವಟ್ಟು ಸಾಮಾನ್ಯ. ‘ಹಾರ್ಡ್‌ವೇರ್ ಆಫ್‌ಲೋಡ್’ ಆನ್ ಇದ್ದರೆ ಪ್ಯಾಕೆಟ್‌ಗಳು ಎಸ್‌ಕ್ಯೂಎಂ ತಪ್ಪಿಸಿಕೊಂಡು ಹೋಗುತ್ತವೆ. ಅದನ್ನು ಆಫ್ ಮಾಡಲೇಬೇಕು. ಎರಡನೆಯದು, ಈ ಕೆಲಸವೆಲ್ಲ ರೂಟರ್‌ನ ಪ್ರೊಸೆಸರ್ ಮೇಲೆ ಬೀಳುತ್ತದೆ. ಹಳೆಯ ಸಣ್ಣ ರೂಟರ್‌ಗೆ ನೂರಾರು ಎಂಬಿಪಿಎಸ್ ಹೊರಿಸಿದರೆ ವೇಗವೇ ಕುಸಿಯುತ್ತದೆ.

ರೂಟರ್‌ನಲ್ಲಿ ಎಸ್‌ಕ್ಯೂಎಂ ಇಲ್ಲವೇ? ಯಾವ ಡೇಟಾಗೆ ಎಷ್ಟು ಆದ್ಯತೆ ಎಂದು ನಿಗದಿಪಡಿಸುವ ಕ್ಯೂಓಎಸ್ ವಿಭಾಗದಲ್ಲಿ ಒಟ್ಟು ಅಪ್‌ಲೋಡ್‌ಗೆ ಮಿತಿ ಹಾಕಲು ಬಂದರೆ ಶೇ 85ಕ್ಕೆ ಹಾಕಿ. ಅದೂ ಇಲ್ಲದಿದ್ದರೆ ಕ್ಲೌಡ್ ಬ್ಯಾಕಪ್ ಆ್ಯಪ್‌ನಲ್ಲೇ ಅಪ್‌ಲೋಡ್ ಮಿತಿ ಇಡಿ, ಇಲ್ಲವೇ ಬ್ಯಾಕಪ್ಪನ್ನು ರಾತ್ರಿಗೆ ತಳ್ಳಿ. ‘ಗೇಮಿಂಗ್ ಮೋಡ್’ ಎಂಬ ಹೆಸರಿನ ಗುಂಡಿಗಳ ಮೇಲೆ ಹೆಚ್ಚು ಭರವಸೆ ಬೇಡ. ಒತ್ತಿ, ಇದೇ ಪರೀಕ್ಷೆ ಮತ್ತೆ ಮಾಡಿ, ಅಂಕಿ ಇಳಿಯದಿದ್ದರೆ ಆಫ್ ಮಾಡಿಬಿಡಿ.

ಹಂತ 4: ಗಾಳಿಯ ತೊಂದರೆಗಳು

ಒಂದು ವೈಫೈ ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಸಾಧನ ಮಾತಾಡಬೇಕು. ಉಳಿದವು ಮೊದಲು ಆಲಿಸಿ, ಖಾಲಿ ಇದ್ದರೆ ಬಾಯಿ ತೆರೆಯುತ್ತವೆ. ಪಕ್ಕದ ಮನೆಯ ರೂಟರ್ ನಿಮ್ಮದೇ ಚಾನೆಲ್‌ನಲ್ಲಿದ್ದರೆ ಅದರ ಮಾತಿಗೂ ನಿಮ್ಮ ಲ್ಯಾಪ್‌ಟಾಪ್ ಕಾಯಬೇಕು.

ಸುಲಭದ್ದು ಮೊದಲು. ವೈಫೈನ ತರಂಗಪಟ್ಟಿಗಳಾದ (ಬ್ಯಾಂಡ್) 2.4 ಮತ್ತು 5 ಗಿಗಾಹರ್ಟ್ಸ್‌ಗಳಲ್ಲಿ ನೀವು 2.4ರಲ್ಲಿದ್ದರೆ 5ಕ್ಕೆ ಬನ್ನಿ. ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದರೆ ಯಾವುದಕ್ಕೆ ಅಂಟಿಕೊಂಡಿದ್ದೀರಿ ಎಂದು ತಿಳಿಯುವುದಿಲ್ಲ. ಪರೀಕ್ಷೆ ಮುಗಿಯುವವರೆಗಾದರೂ ಬೇರೆ ಬೇರೆ ಹೆಸರಿಡಿ. ಮೈಕ್ರೊವೇವ್ ಒಲೆ, ಬ್ಲೂಟೂತ್ ಎರಡೂ 2.4ರ ಆಸುಪಾಸಿನಲ್ಲೇ ಇವೆ. ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಮತ್ತು ಅದರ ಕೇಬಲ್ ಕೂಡ ಈ ಬ್ಯಾಂಡ್‌ನಲ್ಲಿ ಗದ್ದಲ ಚೆಲ್ಲುತ್ತವೆ. ಡಿಸ್ಕ್ ಸಿಕ್ಕಿಸಿದಾಗ ಮಾತ್ರ ಪಿಂಗ್ ಕೆಡುತ್ತಿದ್ದರೆ ಕಾರಣ ಅದೇ.

2.4ರಲ್ಲೇ ಇರಬೇಕಾದ ಸಾಧನಗಳಿಗೆ ಚಾನೆಲ್ 1, 6, 11 ಈ ಮೂರರಲ್ಲಿ ಒಂದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇರಲಿ. ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್ ಮಾತ್ರ, ಸಿಗ್ನಲ್ ಅಗಲ 20. ಎಲ್ಲರೂ 1 ಮತ್ತು 6ರಲ್ಲಿದ್ದಾರೆ ಎಂದು 3ಕ್ಕೆ ಹೋಗುವುದು ಜಾಣತನದಂತೆ ಕಾಣುತ್ತದೆ. ಆದರೆ ಒಂದೇ ಚಾನೆಲ್‌ನಲ್ಲಿರುವವರು ಸರದಿ ಹಂಚಿಕೊಳ್ಳುತ್ತಾರೆ. ಅರ್ಧಂಬರ್ಧ ಮೇಲೆ ಬಿದ್ದವರು ಪರಸ್ಪರ ಬರೀ ಗದ್ದಲವಾಗುತ್ತಾರೆ. 3ಕ್ಕೆ ಹೋದವರಿಗೆ ಎರಡೂ ಕಡೆಯಿಂದ ಏಟು.

5 ಗಿಗಾಹರ್ಟ್ಸ್‌ನಲ್ಲಿ 36ರಿಂದ 48ರವರೆಗಿನವು ನೆಮ್ಮದಿಯ ಚಾನೆಲ್‌ಗಳು. ದೇಶದ ನಿಯಮ ಒಪ್ಪಿದ ಕಡೆ 149ರ ನಂತರದವೂ ಸರಿ. 52ರಿಂದ 144ರವರೆಗೆ ರೇಡಾರ್‌ಗೆ ಮೊದಲ ಹಕ್ಕು: ಅದರ ಸುಳಿವು ಸಿಕ್ಕರೆ ರೂಟರ್ ಚಾನೆಲ್ ಬಿಟ್ಟು ಏಳಬೇಕು, ಇಂಥ ಇನ್ನೊಂದು ಚಾನೆಲ್‌ಗೆ ಹೋದರೆ ಕನಿಷ್ಠ 60 ಸೆಕೆಂಡ್ ಆಲಿಸಿಯೇ ಶುರುಮಾಡಬೇಕು. ಕಾಲ್ ಇದ್ದಕ್ಕಿದ್ದಂತೆ ಕಡಿದು ನಿಮಿಷದ ನಂತರ ಮರಳಿದರೆ ರೂಟರ್‌ನ ಲಾಗ್‌ನಲ್ಲಿ ರೇಡಾರ್ ಎಂಬ ಪದ ಹುಡುಕಿ. ಒತ್ತೊತ್ತಾದ ಅಪಾರ್ಟ್‌ಮೆಂಟ್‌ಗಳಲ್ಲಿ ಅಗಲವನ್ನು 80ರಿಂದ 40 ಮೆಗಾಹರ್ಟ್ಸ್‌ಗೆ ಇಳಿಸಿದರೆ ಸ್ಪೀಡ್ ಟೆಸ್ಟ್‌ನ ಅಂಕಿ ಕುಗ್ಗುತ್ತದೆ, ಪಿಂಗ್ ಸುಧಾರಿಸುತ್ತದೆ. ಕಾಲ್, ಆಟ ಮುಖ್ಯ ಎನ್ನುವವರಿಗೆ ಇದು ಲಾಭದ ಬೇರ.

ಆಮೇಲೆ ಸಿಗ್ನಲ್ ಬಲ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ವೈಫೈ ಚಿಹ್ನೆ ಕ್ಲಿಕ್ ಮಾಡಿದರೆ ಆರ್‌ಎಸ್‌ಎಸ್‌ಐ, ಅಂದರೆ ಸಿಗ್ನಲ್ ಬಲದ ಅಂಕಿ, ಕಾಣುತ್ತದೆ. ಅದು ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -50 ಡಿಬಿಎಂ ಉತ್ತಮ, -67ವರೆಗೆ ಧ್ವನಿ-ವಿಡಿಯೊಗೆ ಅಡ್ಡಿಯಿಲ್ಲ, -75ಕ್ಕಿಂತ ಕೆಳಗಿಳಿದರೆ ಪ್ಯಾಕೆಟ್‌ಗಳನ್ನು ಮತ್ತೆ ಮತ್ತೆ ಕಳಿಸುವುದು ಶುರು. ರೂಟರ್ ಟಿವಿ ಹಿಂದೆಯೋ ಲೋಹದ ಕಪಾಟಿನಲ್ಲೋ ಇದ್ದರೆ ಮೊದಲು ಹೊರತನ್ನಿ. ಮನೆಯ ನಡುವೆ, ಎದೆಯೆತ್ತರದಲ್ಲಿ, ತೆರೆದ ಜಾಗದಲ್ಲಿ ಇಡಿ.

ನಿಮ್ಮ ಸಿಗ್ನಲ್ ಚೆನ್ನಾಗಿದ್ದರೂ ಮೂಲೆಯ ಹಳೆಯ ಕ್ಯಾಮೆರಾ ಒಂದು ಎಲ್ಲರನ್ನೂ ಎಳೆಯಬಲ್ಲದು. 1500 ಬೈಟ್‌ನ ಪ್ಯಾಕೆಟ್ಟನ್ನು 300 ಎಂಬಿಪಿಎಸ್‌ನಲ್ಲಿ ಕಳಿಸಲು 40 ಮೈಕ್ರೊಸೆಕೆಂಡ್ ಸಾಕು. ದುರ್ಬಲ ಸಿಗ್ನಲ್‌ನಿಂದ 1 ಎಂಬಿಪಿಎಸ್‌ಗೆ ಇಳಿದ ಸಾಧನಕ್ಕೆ ಅದೇ ಪ್ಯಾಕೆಟ್‌ಗೆ 12 ಮಿಲಿಸೆಕೆಂಡ್, ಅಂದರೆ 300 ಪಟ್ಟು ಬೇಕು. ಅಷ್ಟೂ ಹೊತ್ತು ಉಳಿದವರು ಮೌನ. 2.4ರ ಮೋಡ್ ‘ಬಿ/ಜಿ/ಎನ್’ (ವೈಫೈನ ಹಳೆಯದರಿಂದ ಹೊಸ ತಲೆಮಾರುಗಳ ಗುರುತು) ಇದ್ದರೆ ‘ಜಿ/ಎನ್’ಗೆ ಬದಲಿಸಿ ತೀರಾ ಹಳೆಯ ದರಗಳನ್ನು ಮುಚ್ಚಬಹುದು. ‘ಬಿ’ ಮಾತ್ರ ಬಲ್ಲ ಸಾಧನಗಳು ಆಗ ಸಂಪರ್ಕ ಕಳೆದುಕೊಳ್ಳುತ್ತವೆ. ಅದೇ ಮೆನುವಿನಲ್ಲಿ ಕಾಣುವ, ಧ್ವನಿ-ವಿಡಿಯೊಗೆ ಆದ್ಯತೆ ಕೊಡುವ ಡಬ್ಲ್ಯೂಎಂಎಂ ಅನ್ನು ಮಾತ್ರ ಆಫ್ ಮಾಡಬೇಡಿ. ‘ಎನ್’ ಸಾಧನಗಳು 54 ಎಂಬಿಪಿಎಸ್‌ಗೆ ಕುಸಿಯುತ್ತವೆ.

ಗಡಿಯಾರ ಹಿಡಿದಂತೆ ಒಂದೇ ಅಂತರದಲ್ಲಿ ಪಿಂಗ್ ಜಿಗಿಯುತ್ತಿದ್ದರೆ ರೂಟರ್ ಬಿಟ್ಟು ಲ್ಯಾಪ್‌ಟಾಪ್ ನೋಡಿ. ಹತ್ತಿರದ ನೆಟ್‌ವರ್ಕ್ ಹುಡುಕಲು ವೈಫೈ ಕಾರ್ಡ್ ಆಗಾಗ ಬೇರೆ ಚಾನೆಲ್‌ಗೆ ಹೋಗಿಬರುತ್ತದೆ, ಆ ಹೊತ್ತು ನಿಮ್ಮ ಪ್ಯಾಕೆಟ್ ಕಾಯುತ್ತದೆ. ಲೊಕೇಶನ್ ಸೇವೆ, ಮ್ಯಾಕ್‌ನ ಏರ್‌ಡ್ರಾಪ್ ಇದಕ್ಕೆ ಕಾರಣವಾಗಬಹುದು. ಒಂದೊಂದಾಗಿ ಆಫ್ ಮಾಡಿ ನೋಡಿ. ಬ್ಯಾಟರಿಯಲ್ಲಿದ್ದಾಗ ಮಾತ್ರ ಕೆಟ್ಟರೆ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ವೈರ್‌ಲೆಸ್ ಅಡಾಪ್ಟರ್ ಅನ್ನು ‘ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್’ಗೆ ಇಡಿ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣದೆಯೂ ಇರಬಹುದು. ನಿದ್ದೆಗೆ ಜಾರಿದ ಫೋನ್‌ಗೆ ಪಿಂಗ್ ಮಾಡಿ 100-200 ಬಂತೆಂದು ಗಾಬರಿ ಬೇಡ. ವಿದ್ಯುತ್ ಉಳಿಸಲು ಅದು ರೇಡಿಯೊ ಮುಚ್ಚಿಕೊಂಡು, ಸುಮಾರು 100 ಮಿಲಿಸೆಕೆಂಡಿಗೊಮ್ಮೆ ರೂಟರ್‌ನಿಂದ ಬರುವ ಬೀಕನ್ ಎಂಬ ಸೂಚನೆಗೆ ಎದ್ದು ನೋಡುತ್ತದೆ.

ವೈಫೈ ಸಿಗ್ನಲ್ಲನ್ನು ದೂರಕ್ಕೆ ದಾಟಿಸುವ ರಿಪೀಟರ್ ಬಳಸುತ್ತಿದ್ದರೆ ಇನ್ನೊಂದು ಮಾತು. ಒಂದೇ ರೇಡಿಯೊದ ರಿಪೀಟರ್ ಪ್ರತಿ ಪ್ಯಾಕೆಟ್ಟನ್ನು ಕೇಳಿಸಿಕೊಂಡು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುತ್ತದೆ: ವೇಗ ಅರ್ಧ, ಸರದಿ ಎರಡು. ಮುಖ್ಯ ರೂಟರ್‌ನಿಂದ ಅಲ್ಲಿಗೆ ಕೇಬಲ್ ಎಳೆದು ಆಕ್ಸೆಸ್ ಪಾಯಿಂಟ್ (ಕೇಬಲ್‌ನಿಂದ ಬಂದದ್ದನ್ನು ವೈಫೈ ಆಗಿ ಹರಡುವ ಸಾಧನ) ಮಾಡಿಕೊಳ್ಳುವುದೇ ಸರಿಯಾದ ಪರಿಹಾರ. ಟಿವಿ, ಗೇಮ್ ಕನ್ಸೋಲ್, ಮೇಜಿನ ಕಂಪ್ಯೂಟರ್‌ನಂಥ ಕದಲದ ಸಾಧನಗಳಿಗೂ ಕೇಬಲ್ ಕೊಟ್ಟರೆ ಗಾಳಿಯಲ್ಲಿ ಅಷ್ಟು ಜಾಗ ಖಾಲಿ.

ಹಂತ 5: ಮನೆಯಾಚೆ

ಕೇಬಲ್‌ನಲ್ಲಿ, ಬೇರೆಲ್ಲ ಸಾಧನ ಆಫ್ ಇದ್ದಾಗಲೂ ಹೊರಗಿನ ಪಿಂಗ್ ಕೆಟ್ಟಿದ್ದರೆ ವಿಂಡೋಸ್‌ನಲ್ಲಿ ‘ಟ್ರೇಸರ್ಟ್’ (tracert), ಮ್ಯಾಕ್‌ನಲ್ಲಿ ‘ಟ್ರೇಸ್‌ರೂಟ್’ (traceroute) ಎಂದು ಬರೆದು ಜಾಗ ಬಿಟ್ಟು 1.1.1.1 ಕೊಟ್ಟು ಓಡಿಸಿ. ಪ್ಯಾಕೆಟ್ ಹಾದುಹೋಗುವ ಪ್ರತಿ ರೂಟರ್‌ಗೂ ಒಂದು ಸಾಲು, ಅದರ ಸಮಯದೊಂದಿಗೆ ಬರುತ್ತದೆ. ನಡುವಿನ ಒಂದು ಸಾಲಿನಲ್ಲಿ ಮಾತ್ರ 200 ಬಂದರೆ ಅಥವಾ ನಕ್ಷತ್ರ ಬಂದರೆ ಅದು ದೋಷವಲ್ಲ. ದಾರಿಯ ರೂಟರ್‌ಗಳಿಗೆ ಇಂಥ ಪ್ರಶ್ನೆಗೆ ಉತ್ತರಿಸುವುದು ಕೊನೆಯ ಕೆಲಸ. ಏರಿದ ಅಂಕಿ ಆ ಸಾಲಿನಿಂದ ಕೊನೆಯವರೆಗೂ ಇಳಿಯದೆ ಉಳಿದರೆ ಮಾತ್ರ ಅಲ್ಲಿ ತೊಂದರೆ ಇದೆ.

ದೂರವನ್ನು ಯಾವ ಸೆಟ್ಟಿಂಗೂ ಗೆಲ್ಲಲಾರದು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ, 5000 ಕಿ.ಮೀ. ದೂರದ ಸರ್ವರ್‌ಗೆ ಹೋಗಿಬರಲು ನೇರ ದಾರಿಯಲ್ಲೇ 50 ಮಿಲಿಸೆಕೆಂಡ್ ಬೇಕು. ಆಟದಲ್ಲಿ ಹತ್ತಿರದ ಸರ್ವರ್ ಆರಿಸಿ, ವಿಪಿಎನ್ ಆಫ್ ಮಾಡಿ. ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬದಲಿಸಿದರೆ ಪುಟ ತೆರೆಯುವ ಮೊದಲ ಕ್ಷಣ ಚುರುಕಾಗಬಹುದು, ಆಟದ ಪಿಂಗ್ ಇಳಿಯುವುದಿಲ್ಲ.

ಪೂರೈಕೆದಾರರಿಗೆ ದೂರು ಕೊಡುವಾಗ ‘ನೆಟ್ ಸ್ಲೋ’ ಎಂದರೆ ರೂಟರ್ ರೀಸ್ಟಾರ್ಟ್ ಮಾಡಿ ಎಂಬ ಉತ್ತರ ಬರುತ್ತದೆ. ಕೇಬಲ್‌ನಲ್ಲಿ ರೂಟರ್‌ಗೆ ಬಂದ ಪಿಂಗ್, ಅದೇ ಹೊತ್ತಿನ ಹೊರಗಿನ ಪಿಂಗ್, ಟ್ರೇಸರ್ಟ್‌ನ ಸಾಲುಗಳು, ಇವನ್ನು ಬೆಳಿಗ್ಗೆ ಒಮ್ಮೆ, ಎಲ್ಲರೂ ನೆಟ್ ಬಳಸುವ ರಾತ್ರಿ 9ರ ಸುಮಾರಿಗೆ ಒಮ್ಮೆ ದಾಖಲಿಸಿ ದಿನಾಂಕ, ಸಮಯದೊಂದಿಗೆ ಕಳಿಸಿ. ಬೆಳಿಗ್ಗೆ 15, ರಾತ್ರಿ 120 ಎಂದು ತೋರಿಸಿದರೆ ದಟ್ಟಣೆ ಅವರ ಕಡೆಯದೆಂದು ವಾದಿಸಲು ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ.